ಒಲೆ ಹತ್ತದ ಬೀದಿ

ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಲೈಟರ್ ಒತ್ತಿದೆ. ಕಟಕ್ ಎಂದಿತು, ಕಿಡಿ ಹಾರಲಿಲ್ಲ. ಇನ್ನೊಮ್ಮೆ ಒತ್ತಿದೆ. ಗ್ಯಾಸಿನ ವಾಸನೆ ಬಂದದ್ದೇ ತಡ, ತಿರುಪು ಮುಚ್ಚಿ ಕಿಟಕಿ ತೆರೆದೆ. ವಾಸನೆ ಪೂರ್ತಿ ಹೋದ ಮೇಲೆ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದೆ. ಮದ್ದು ಪುಡಿಯಾಗಿ ಉದುರಿತು. ಮತ್ತೊಂದು ಕಡ್ಡಿ, ಅದೂ ಅಷ್ಟೇ. ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ನನ್ನ ಮಗಳು ಇಂಚರ ಬಾಯಿ ತುಂಬ ನೊರೆ ಇಟ್ಟುಕೊಂಡು ನನ್ನ ಕೈಯನ್ನೇ ನೋಡಿದಳು. ನಾನು ಹಾಲನ್ನು ಕೆಳಗಿಳಿಸಿ ತಟ್ಟೆ ಮುಚ್ಚಿದೆ.

ಗೋಡೆಯಾಚೆಯಿಂದ ಪಕ್ಕದ ಮನೆಯ ರೇವಮ್ಮ ಕೂಗಿದರು. “ಇಂಚರನ ಅಮ್ಮಾ, ನಿಮ್ಮನೇಲಿ ಹತ್ತಿತಾ?”

“ಇಲ್ಲ ರೇವಮ್ಮ.”

“ಅಯ್ಯೋ ಶಿವನೇ, ಯಾರಿಗೆ ಏನಾಯ್ತೋ. ಇವತ್ತೇ ಆಗಬೇಕಿತ್ತಾ? ಬೀಗರು ಬರ್ತಾರೆ ಅಂತ ಕಡುಬಿಗೆ ಹಿಟ್ಟು ರುಬ್ಬಿ ಇಟ್ಟಿದೀನಿ.”

ಅಷ್ಟರಲ್ಲಿ ಬೀದಿಯಲ್ಲಿ ತಟ್ಟೆ ಬಡಿಯುವ ಸದ್ದು ಶುರುವಾಯಿತು. ನಮ್ಮೂರಿನ ಕ್ರಮ ಅದು. ಒಂದು ಬೀದಿಯಲ್ಲಿ ಯಾರೋ ಒಬ್ಬರು ತಾಳಲಾರದ ಕಷ್ಟದಲ್ಲಿದ್ದು, ಅವರನ್ನು ಯಾರೂ ಕೇಳದೆ ಬಿಟ್ಟರೆ, ಆ ಬೀದಿಯಲ್ಲಿ ಬೆಂಕಿ ಹತ್ತುವುದಿಲ್ಲ. ಒಲೆ ಹತ್ತುವುದಿಲ್ಲ, ದೀಪ ಹತ್ತುವುದಿಲ್ಲ, ಸ್ಕೂಟರ್ ಹೊರಡುವುದಿಲ್ಲ. ಪಕ್ಕದ ಬೀದಿಯಿಂದ ಕೆಂಡ ತಂದರೂ ಮೂಲೆ ತಿರುಗುವಷ್ಟರಲ್ಲಿ ಬೂದಿಯಾಗಿರುತ್ತದೆ. ಆದ್ದರಿಂದ ನಮ್ಮೂರ ಅಗ್ನಿಶಾಮಕ ಠಾಣೆಯವರು ಬೆಂಕಿ ಬಿದ್ದ ಕಡೆಗೆ ಹೋಗುವುದಕ್ಕಿಂತ ಹೆಚ್ಚಾಗಿ ಬೆಂಕಿ ಹತ್ತದ ಕಡೆಗೆ ಓಡುತ್ತಾರೆ. ತಟ್ಟೆ ಬಡಿದರೆ ಸಾಕು, ಕೆಂಪು ಗಾಡಿ ಬಂದು ಬೀದಿಯ ಮೂಲೆಯಲ್ಲಿ ನಿಲ್ಲುತ್ತದೆ. ಒಳಗೆ ಬಂದರೆ ಅದರ ಇಂಜಿನ್ನೂ ಆರುತ್ತದಲ್ಲ! ಗಾಡಿಯಿಂದ ನೀರಿನ ಪೈಪಿಗಿಂತ ಮೊದಲು ಇಳಿಯುವುದು ಉಪ್ಪಿಟ್ಟಿನ ದಬರಿ, ಚಹದ ಕ್ಯಾನು, ಎಳೆಗೂಸಿದ್ದ ಮನೆಗೆಂದು ಬಿಸಿನೀರು.

ಆಮೇಲೆ ಅವರು ಮನೆಮನೆಗೆ ಹೋಗಿ, ಮುಖ ನೋಡಿ, ಕೂತು ಕೇಳುತ್ತಾರೆ. ಕಷ್ಟ ತೀರಬೇಕೆಂದೇನೂ ಇಲ್ಲ. ಕಷ್ಟದಲ್ಲಿರುವವರನ್ನು ಒಬ್ಬರು ಸರಿಯಾಗಿ ಕೇಳಿದರೆ ಸಾಕು, ಬೆಂಕಿ ಬಂದುಬಿಡುತ್ತದೆ. ಒಂದು ಸಲ ಹಿಟ್ಟಿನ ಗಿರಣಿಯ ಕೊಟ್ರೇಶಿಯ ತಾಯಿ ಎದೆನೋವನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಕೂತಿದ್ದರು. ಠಾಣೆಯವರು ಕೇಳಿ, ಅಲ್ಲಿಂದಲೇ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಆ ತಾಯಿ ಈಗಲೂ ಗಿರಣಿಯ ಮುಂದೆ ಕೂತು ಎಲ್ಲರ ಹಿಟ್ಟಿನ ನುಣುಪು ನೋಡುತ್ತಾರೆ. ಇನ್ನೊಂದು ಸಲ ಮೂಲೆಮನೆಗೆ ಬಂದ ಹೊಸ ಸೊಸೆ. ಅವಳಿಗೆ ಆಗಿದ್ದೆಂದರೆ, ಬಂದಾಗಿನಿಂದ ಯಾರೂ ಅವಳ ಹೆಸರು ಹಿಡಿದು ಕರೆದಿರಲಿಲ್ಲ. ಠಾಣೆಯವರು “ನಿನ್ನ ಹೆಸರೇನಮ್ಮ?” ಅಂದದ್ದೇ, ಇಡೀ ಬೀದಿಯ ಒಲೆಗಳು ಭಗ್ಗೆಂದವು. ಅವತ್ತು ನಾನು ಕರಿಯಲು ಇಟ್ಟಿದ್ದ ಕೋಡುಬಳೆ ಒಂದೇ ಏಟಿಗೆ ಸೀದುಹೋದವು.

ಹೀಗಾಗಿ ಅವತ್ತು ಬೆಳಗ್ಗೆ ನಾವು ಯಾರೂ ಗಾಬರಿಯಾಗಲಿಲ್ಲ. ಯಾರೆಂದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ ಎಂದುಕೊಂಡೆವು. ನಾನು ಬೇಕರಿಗೆ ಕೋಡುಬಳೆ, ನಿಪ್ಪಟ್ಟು ಕರಿದು ಕೊಡುವವಳು. ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಬಾಗಿಲಿಗೆ ಬಂದೆ. ನಮ್ಮನೆಯವರು ಲಾರಿಯ ಮೇಲೆ ದೂರ ಹೋಗಿದ್ದರು. ಇಂಚರ ನನ್ನ ಸೀರೆಯ ಮರೆಯಲ್ಲಿ ನಿಂತಳು.

ಠಾಣೆಯ ಮುಖ್ಯಸ್ಥೆ ಮುಮ್ತಾಜ್ ಮೇಡಂ ಮುಂದೆ ಬಂದರು. ಹಿಂದೆ ಚಹದ ಕ್ಯಾನು ಹಿಡಿದು ದೇವೀರಣ್ಣ. ದೇವೀರಣ್ಣ ನಮ್ಮ ಬೀದಿಯ ಕೇಳುವವ. ದಿನಾ ಸಂಜೆ ದೀಪದ ಹೊತ್ತಿಗೆ ಠಾಣೆಯಿಂದ ಒಬ್ಬೊಬ್ಬರು ಒಂದೊಂದು ಬೀದಿಗೆ ಬಂದು, ಪ್ರತಿ ಬಾಗಿಲಲ್ಲೂ “ಎಲ್ಲಾ ಇದ್ದೀರಾ?” ಎಂದು ಕೇಳಿಕೊಂಡು ಹೋಗುತ್ತಾರೆ. ಒಳಗಿದ್ದವರು ಒಬ್ಬೊಬ್ಬರೂ “ಇದ್ದೀನಿ” ಅನ್ನಬೇಕು. ಕೈಗೂಸುಗಳಿಗೆ ಮಾತ್ರ ವಿನಾಯಿತಿ.

ಈಗ ಅವರು ಮನೆಮನೆ ಹೊಕ್ಕರು. ಕೇಳುವಾಗ ಕೈ ಸುಮ್ಮನಿರಬಾರದೆಂಬುದು ಮುಮ್ತಾಜ್ ಮೇಡಂ ಕಲಿಸಿದ ಪಾಠ. ರೇವಮ್ಮನ ಗ್ಯಾಸ್ ಪೈಪು ಬಿರುಕು ಬಿಟ್ಟದ್ದನ್ನು ಬದಲಿಸುತ್ತ ಅವರ ಮಂಡಿನೋವು ಕೇಳಿದರು. ಬೀಡಿ ತಿಮ್ಮಜ್ಜನ ಹಾಸಿಗೆಯನ್ನು ಗೋಣಿಚೀಲದ ರಾಶಿಯಿಂದ ದೂರ ಸರಿಸಿ, ಅವನ ಮಗ ಹಣ ಕಳಿಸುವುದು ಬಿಟ್ಟನೋ ಎಂದು ಕೇಳಿದರು. ಕೊಟ್ರೇಶಿಯ ಗಿರಣಿಯಲ್ಲಿ ನೇತಾಡುತ್ತಿದ್ದ ಕರೆಂಟಿನ ತಂತಿಗೆ ಟೇಪು ಸುತ್ತುತ್ತ ಅವನ ಹೆಂಡತಿಯನ್ನು ಮಾತಾಡಿಸಿದರು. ನಮ್ಮ ಮನೆಯಲ್ಲಿ ಎಣ್ಣೆ ಬಾಣಲೆಯ ಹಿಂದೆ ತೂಗುಹಾಕಿದ್ದ ಪರದೆಯನ್ನು ಬಿಚ್ಚಿ ಮಡಚಿ ನನ್ನ ಕೈಗಿಟ್ಟು, “ಹೇಳಮ್ಮ, ನಿನಗೇನಾದರೂ?” ಅಂದರು.

ನಾನು ಯೋಚಿಸಿ ನೋಡಿದೆ. ಚಿಂತೆ ಇಲ್ಲದ ಮನೆ ಯಾವುದಿದೆ? ಆದರೂ ಒಲೆ ಆರುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. “ಇಲ್ಲ ಮೇಡಂ” ಅಂದೆ.

ಮಧ್ಯಾಹ್ನವಾಯಿತು. ಬೀದಿಯ ಕೊನೆಯವರೆಗೂ ಕೇಳಿ ಮುಗಿಸಿದರು. ಬೆಂಕಿ ಬರಲಿಲ್ಲ.

ಇಂಚರನ ವಿಷಯ ಹೇಳಬೇಕು. ಅವಳಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ಬಾಗಿಲಿಗೆ ಸೆರಗು ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಹರಿಯುತ್ತದೆ; ಹಿಂದಕ್ಕೆ ಬಂದು ಮೆಲ್ಲಗೆ ಬಿಡಿಸಿಕೊಳ್ಳಬೇಕು. ಅವಳಿಗೆ ಅದು ಗೊತ್ತು. ನನಗೂ ಗೊತ್ತು. ನಮ್ಮ ಬೀದಿಯವರಿಗೆ ಮಾತ್ರ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ಕೆಟ್ಟವರಲ್ಲ ಅವರು. ಅವಳು “ನೀ...” ಎಂದರೆ “ನೀರಾ ಮಗಾ? ತಗೋ” ಎಂದು ಚೊಂಬು ತಂದುಕೊಡುತ್ತಾರೆ. ಅವಳಿಗೆ ಬೇಕಾಗಿದ್ದುದು ನೀಲಿ ಬಣ್ಣದ ರಿಬ್ಬನ್ನು. ನೀರು ಕುಡಿದು ಸುಮ್ಮನೆ ಮನೆಗೆ ಬರುತ್ತಾಳೆ. ಹೀಗೆ ಎಷ್ಟು ಚೊಂಬು ನೀರು ಕುಡಿದಿದ್ದಾಳೋ ನನ್ನ ಮಗಳು! ಬರಬರುತ್ತ ಹೊರಗೆ ಬಾಯಿ ತೆರೆಯುವುದನ್ನೇ ಬಿಟ್ಟಳು.

ದೇವೀರಣ್ಣನಿಗೆ ಮಾತ್ರ ಉತ್ತರ ಕೊಡುತ್ತಿದ್ದಳು. ಆತ ಸಂಜೆ ಬಂದು, ನಾನು “ಇದ್ದೀನಿ” ಎಂದ ಮೇಲೆ, ಅವಳ ಎತ್ತರಕ್ಕೆ ಮಂಡಿ ಮಡಚಿ ಕೂರುತ್ತಿದ್ದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಅವಳು ಅವನ ಮುಖವನ್ನೇ ನೋಡುತ್ತ “ಇ... ಇ...” ಎಂದು ಶುರುಮಾಡುವಳು. ಆತ ತಲೆಯಾಡಿಸುವುದಿಲ್ಲ, ತುಟಿ ಅಲ್ಲಾಡಿಸುವುದಿಲ್ಲ, ನಡುವೆ ಎತ್ತಿ ಕೊಡುವುದಿಲ್ಲ. ಅವಳು ಪೂರ್ತಿ “ಇದ್ದೀನಿ” ಎಂದ ಮೇಲೆ, ದೊಡ್ಡವರಿಗೆ ಹೇಳುವ ಹಾಗೆ “ಸರಿ, ಬರ್ತೀನಿ” ಎಂದು ಎದ್ದು ಹೋಗುವನು.

ಇದಕ್ಕೆ ಬೀದಿಯಲ್ಲಿ ಗೊಣಗಾಟವಿತ್ತು. “ಹೆಸರು ಇಂಚರ, ಒಂದು ಪದಕ್ಕೆ ಒಂದು ಸಂಜೆ” ಎಂದು ರೇವಮ್ಮ ನನ್ನೆದುರೇ ಅಂದಿದ್ದರು. ನಮ್ಮ ಮನೆಯಿಂದಾಚೆಯವರಿಗೆ ಆತ ಬರುವ ತನಕ ಬಾಗಿಲಲ್ಲಿ ಕಾಯುವುದು ಬೇಡವಾಗಿ, ಒಳಗಿನಿಂದಲೇ ಕೂಗಿ ಮುಗಿಸುತ್ತಿದ್ದರು. ಅದಕ್ಕೆ ಶಾಸ್ತ್ರವೂ ಅವರ ಕಡೆಗಿತ್ತು. ಹಿಂದೆ ಯಾವುದೋ ಬೀದಿಯವರು ಕೇಳಲು ಬಂದವನನ್ನು ಕೂರಿಸಿಕೊಂಡು ಹರಟೆ ಹೊಡೆದು, ಮುಂದಿನ ಬೀದಿಗೆ ಆತ ಹೋಗುವಷ್ಟರಲ್ಲಿ ಅಲ್ಲೊಬ್ಬರು ತೀರಿಕೊಂಡಿದ್ದರಂತೆ. ಅಂದಿನಿಂದ “ಕೇಳುವವರನ್ನು ಕೇಳಬಾರದು” ಎಂದು ಠಾಣೆಯ ಗೋಡೆಯ ಮೇಲೆ ಬರೆಸಿದರು. ಶಾಲೆಯಲ್ಲಿ ಮಕ್ಕಳಿಗೆ ಅ ಆ ಇ ಈ ಮುಗಿದ ಕೂಡಲೇ ಹೇಳಿಕೊಡುತ್ತಿದ್ದ ಮಾತು ಅದು. ಊಟವಾಯಿತೇ, ಮನೆಯವರು ಹೇಗಿದ್ದಾರೆ, ಏನೂ ಕೇಳುವ ಹಾಗಿಲ್ಲ. ಉತ್ತರ ಕೊಟ್ಟು ಬಿಟ್ಟುಬಿಡಬೇಕು. ಅದೇ ಮರ್ಯಾದೆ ಎಂದು ನಾವೆಲ್ಲ ನಂಬಿದ್ದೆವು. ಆಗ ಹಾಗಿತ್ತು. ಈಗ ಆ ಬರಹದ ಮೇಲೆ ಸುಣ್ಣ ಬಳಿದಿದ್ದಾರೆ.

ಮಾರನೇ ದಿನವೂ ಬೆಂಕಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಹೀಗೆ ಎಂದೂ ಆಗಿರಲಿಲ್ಲ. ಠಾಣೆಯವರು ಹೊತ್ತು ಹೊತ್ತಿಗೆ ಅನ್ನ ಸಾರು ತಂದರು. ಮತ್ತೆ ಮತ್ತೆ ಕೇಳಿದರು. ಗಂಡಸರು ಸ್ಕೂಟರುಗಳನ್ನು ಮೂಲೆಯವರೆಗೆ ತಳ್ಳಿಕೊಂಡು ಹೋಗಿ ಆಚೆ ಬೀದಿಯಲ್ಲಿ ಒದ್ದು ಹೊರಡಿಸಿದರು. ಗಿರಣಿಯ ಡೀಸೆಲ್ ಇಂಜಿನ್ ಸತ್ತು ಬಿದ್ದಿತ್ತು. ತಿಮ್ಮಜ್ಜ ಮಾತ್ರ ಬಿಡಲಿಲ್ಲ; ಕಟ್ಟೆಯ ಮೇಲೆ ಕೂತು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಒಂದಾದ ಮೇಲೊಂದು ಕಡ್ಡಿ ಗೀರುತ್ತಲೇ ಇದ್ದ. “ಪಕ್ಕದ ಬೀದಿಗೆ ಹೋಗಿ ಸೇದಬಾರದೇನಜ್ಜ?” ಎಂದರೆ, “ಹೋಗಿದ್ದೆ ಕಣಮ್ಮ. ಅಲ್ಲಿ ನನ್ನ ಕೆಮ್ಮು ಕೇಳಿ ಅವರ ಒಲೆ ಆರಿಬಿಟ್ರೆ ಅಂತ ಓಡಿಸಿದ್ರು” ಅಂದ. ಎಲ್ಲರೂ ನಕ್ಕರು. ನಮ್ಮ ಬೀದಿಯಲ್ಲಿ ಆ ದಿನಗಳಲ್ಲಿ ನಕ್ಕಿದ್ದು ಅದೊಂದೇ ಸಲ.

ಜನರ ಸಹನೆ ತಣ್ಣಗಿನ ಅನ್ನದ ಹಾಗೆ ಗಟ್ಟಿಯಾಗುತ್ತ ಬಂತು. ಕಷ್ಟವನ್ನು ಬಚ್ಚಿಟ್ಟವರು ಯಾರು ಎಂದು ಒಬ್ಬರನ್ನೊಬ್ಬರು ನೋಡತೊಡಗಿದರು. ಕೊನೆಗೆ ಎಲ್ಲರ ಕಣ್ಣೂ ಒಂದೇ ಕಡೆಗೆ ತಿರುಗಿತು. ನನ್ನ ಮಗಳ ಕಡೆಗೆ.

ನಲ್ಲಿಯ ಹತ್ತಿರ ರೇವಮ್ಮನೇ ಶುರುಮಾಡಿದರು. “ತಪ್ಪು ತಿಳೀಬೇಡ ಕಣೇ. ಎಲ್ಲರೂ ಬಾಯಿಬಿಟ್ಟು ಹೇಳಿದೀವಿ. ಹೇಳದೆ ಇರೋದು ಅಂದ್ರೆ ನಿನ್ನ ಮಗಳೊಬ್ಬಳೇ.”

“ಅವಳೂ ಹೇಳಿದಾಳೆ ರೇವಮ್ಮ. ದೇವೀರಣ್ಣ ಕೇಳಿದಾಗ ಇದ್ದೀನಿ ಅಂದಳು, ಚೆನ್ನಾಗಿದ್ದೀನಿ ಅಂದಳು.”

“ಅಂದಳು, ಅಂದಳು. ಅದನ್ನ ಅಂದಳು ಅಂತಾರಾ? ಅರ್ಧ ಗಂಟಲಲ್ಲೇ ಉಳಿದಿರುತ್ತೆ. ಬೆಂಕಿಗೆ ಅದು ಕೇಳಿಸಬೇಕಲ್ಲ!”

ಕೊಟ್ರೇಶಿ ಕೊಡ ಇಳಿಸಿ, ಮುಖ ಆಚೆ ಮಾಡಿಕೊಂಡು ಹೇಳಿದ. “ಅಕ್ಕಾ, ಹೀಗೆ ಮಾಡಬಹುದು. ಮಗೂನ ಕೇಳೋದರಿಂದ ಬಿಟ್ಟುಬಿಡೋಣ. ಕೈಗೂಸಿನ ಹಾಗೆ ಅಂತ ಇಟ್ಟುಕೊಳ್ಳಿ. ಅವಳ ಬದಲು ನೀವೇ ಹೇಳಿ. ಠಾಣೆಯವರು ಒಪ್ಪಿದರೆ ನಾಳೆಯೇ ಒಲೆ ಹತ್ತುತ್ತೆ, ನೋಡಿ ಬೇಕಾದರೆ.”

ನನ್ನ ಕೈಯಲ್ಲಿದ್ದ ಬಿಂದಿಗೆ ತುಂಬಿ ಕಾಲಮೇಲೆ ಹರಿಯುತ್ತಿತ್ತು. ನಮ್ಮೂರಲ್ಲಿ ಸಂಜೆ ಕೇಳದೆ ಬಿಟ್ಟವರು ಇದ್ದೂ ಇಲ್ಲದವರು. ಇವತ್ತು ಕೈಗೂಸು ಅನ್ನುತ್ತಾರೆ. ನಾಳೆ ಶಾಲೆಯಲ್ಲಿ ಹಾಜರಿ ಕರೆಯುವಾಗ ಅವಳ ಹೆಸರು ದಾಟಿಸುತ್ತಾರೆ. ನಾಡಿದ್ದು ಮದುವೆಮನೆಯಲ್ಲಿ ಅವಳ ಎಲೆ ಹಾಕುವುದು ಮರೆಯುತ್ತಾರೆ. ಮಾತು ತಡವಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನ ಮಗಳು ಇಡೀ ಬೀದಿಗೆ ಇಲ್ಲವಾಗುತ್ತಾಳೆ. “ಅವಳು ಇದ್ದಾಳೆ,” ಎಂದೆ. “ಅವಳ ಇರುವಿಕೆಯನ್ನು ಅವಳೇ ಹೇಳುತ್ತಾಳೆ. ನಾನು ಹೇಳೋಲ್ಲ.”

“ಹಟ ಮಾಡಬೇಡ,” ಅಂದರು ರೇವಮ್ಮ. “ಇವತ್ತು ಸಂಜೆ ಮೇಡಂ ಗಿರಣಿ ಕಟ್ಟೆಗೆ ಎಲ್ಲರನ್ನೂ ಕರೆದಿದ್ದಾರೆ. ಅಲ್ಲೇ ತೀರ್ಮಾನ ಆಗಲಿ.”

ಮನೆಗೆ ಬಂದೆ. ಇಂಚರ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ನಲ್ಲಿಯ ಮಾತೆಲ್ಲ ಕಿಟಕಿಯಿಂದ ಕೇಳಿಸಿರಬೇಕು. ನಾನು ಏನೂ ಹೇಳದೆ ತಲೆ ಬಾಚಲು ಕೂರಿಸಿಕೊಂಡೆ. ಅವಳ ಜೊತೆ ಮಾತಾಡಲು ಒಳ್ಳೆಯ ಹೊತ್ತು ಅದೇ. ನನ್ನ ಮುಖ ಅವಳಿಗೆ ಕಾಣುವುದಿಲ್ಲ, ಕೈಗೆ ಕೆಲಸವಿರುತ್ತದೆ, ಯಾರಿಗೂ ಅವಸರವಿರುವುದಿಲ್ಲ.

“ಅ... ಅಮ್ಮ.”

“ಹ್ಞೂಂ.”

“ಒ... ಒಂದು ಕೇ... ಕೇಳ್ಬೇಕು.”

ಕೇಳು ಎನ್ನಲಿಲ್ಲ. ಎಂದರೆ ಅದೂ ಅವಸರವೇ. ಒಂದು ಜಡೆಯನ್ನು ಮೂರು ಪಾಲು ಮಾಡಿ ಹೆಣೆಯುತ್ತ ಹೋದೆ. ಜಡೆಯ ತುದಿ ಬಂತು. ರಿಬ್ಬನ್ನು ಕಟ್ಟಿದೆ.

“ನಿ... ನಿನ್ನನ್ನಲ್ಲ,” ಅಂದಳು. ಇನ್ನೊಂದು ಜಡೆ ಅರ್ಧವಾದ ಮೇಲೆ, “ಕೇ... ಕೇಳ್ಬಾರ್ದು ಅಂತ ಶಾ... ಶಾಲೇಲಿ ಹೇಳಿದಾರೆ,” ಅಂದಳು.

ಯಾರನ್ನು, ಏನನ್ನು ಎಂದು ನನಗೆ ಹೊಳೆಯಲಿಲ್ಲ. ಇಷ್ಟು ಮಾತ್ರ ಕಂಡಿತು: ಈ ಹುಡುಗಿಯ ಗಂಟಲಲ್ಲಿರುವುದು ಅವಳ ಕಷ್ಟವಲ್ಲ, ಒಂದು ಪ್ರಶ್ನೆ. ಬಾಚಣಿಗೆ ಕೆಳಗಿಟ್ಟು ಅವಳನ್ನು ನನ್ನ ಕಡೆ ತಿರುಗಿಸಿಕೊಂಡೆ. “ಕೇಳಿದರೆ ಯಾರಿಗಾದರೂ ನೋವಾಗುತ್ತಾ?”

ಇಲ್ಲ ಎಂದು ತಲೆಯಾಡಿಸಿದಳು.

“ಹಾಗಾದರೆ ಕೇಳು. ಶಾಲೆಗೆ ಬೇಕಾದರೆ ನಾನು ಬಂದು ಹೇಳ್ತೀನಿ. ಎಷ್ಟು ಹೊತ್ತಾದರೂ ಆಗಲಿ, ನಿನ್ನ ಪಕ್ಕದಲ್ಲಿ ನಿಂತಿರ್ತೀನಿ.”

ಸಂಜೆ ಗಿರಣಿ ಕಟ್ಟೆಯ ಮುಂದೆ ಇಡೀ ಬೀದಿ ಸೇರಿತು. ಕೊಟ್ರೇಶಿಯ ತಾಯಿಗೆ ಕುರ್ಚಿ ಹಾಕಿದ್ದರು. ತಿಮ್ಮಜ್ಜ ತನ್ನ ಬೆಂಕಿಪೊಟ್ಟಣದೊಂದಿಗೆ ಕಟ್ಟೆಯ ಮೂಲೆಯಲ್ಲಿ ಕೂತಿದ್ದ. ಮುಮ್ತಾಜ್ ಮೇಡಂ ಮೂಲೆಯಲ್ಲಿ ಗಾಡಿ ಬಿಟ್ಟು ನಡೆದು ಬಂದರು. ದೇವೀರಣ್ಣ ಗಿರಣಿಯ ಪಕ್ಕದ ಮೆಟ್ಟಿಲಿಳಿದು ಬಂದ. ಗಿರಣಿಯ ಮೇಲಿನ ಕೋಣೆಯಲ್ಲೇ ಆತ ಇರುವುದು. ಮೊದಲು ಇಬ್ಬರಿದ್ದರು, ಆತ ಮತ್ತು ಜುಂಜಪ್ಪ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಂಡವರು. ಅದರ ಹಿಂದಿನ ತಿಂಗಳು ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ಸೂರು ಕುಸಿದು ಜುಂಜಪ್ಪ ಹೋಗಿಬಿಟ್ಟ. ಊರಿಗೆ ಊರೇ ಹೂವಿನ ಹಾರ ತಂದಿತ್ತು. ಮಣ್ಣು ಮಾಡಿದ ಸಂಜೆಯೇ ದೇವೀರಣ್ಣ ತನ್ನ ಬೀದಿಯನ್ನೂ ಜುಂಜಪ್ಪನ ಬೀದಿಯನ್ನೂ ಕೇಳಿಕೊಂಡು ಬಂದ. ಎಂಥ ಗಟ್ಟಿ ಮನುಷ್ಯ ಎಂದು ನಾವೆಲ್ಲ ಕೊಂಡಾಡಿದೆವು. ಕೊಂಡಾಡಿ, ಉತ್ತರ ಕೊಟ್ಟು, ಮರ್ಯಾದೆಯಿಂದ ಕಳಿಸಿಕೊಟ್ಟೆವು.

ಮೇಡಂ ಹೆಚ್ಚು ಮಾತಾಡಲಿಲ್ಲ. “ನಮ್ಮಿಂದ ಏನೋ ತಪ್ಪಿದೆ. ಯಾರನ್ನೋ ಬಿಟ್ಟಿದ್ದೀವಿ. ಇವತ್ತು ಎಲ್ಲರೂ ಇಲ್ಲೇ ಇದ್ದೀರಿ, ಒಬ್ಬೊಬ್ಬರನ್ನೂ ಎಲ್ಲರ ಎದುರೇ ಕೇಳೋಣ,” ಅಂದರು.

ರೇವಮ್ಮ ಎದ್ದು ನಿಂತರು. “ಮೇಡಂ, ಅದಕ್ಕೆ ಮುಂಚೆ ಒಂದು ಮಾತು. ಬೀದಿಯವರೆಲ್ಲ ಸೇರಿ ಹೇಳ್ತಿರೋದು. ಆ ಮಗೂನ ಕೇಳೋದರಿಂದ ಬಿಡಿ. ಅದಕ್ಕೂ ಹಿಂಸೆ, ನಮಗೂ ಉಪವಾಸ.”

ಇಂಚರ ನನ್ನ ಕೈ ಹಿಡಿದುಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ದೇವೀರಣ್ಣ ಮಾತಾಡಿದ. ಆತ ಕೇಳುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಆ ಮಗು ಹೇಳೋವಷ್ಟು ಪೂರ್ತಿ ಇದ್ದೀನಿ ಅಂತ ಈ ಬೀದೀಲಿ ಯಾರೂ ಹೇಳಲ್ಲ, ರೇವಮ್ಮ.”

ಮುಮ್ತಾಜ್ ಮೇಡಂ ತಮ್ಮ ಬೆಲ್ಟು ಸರಿಮಾಡಿಕೊಂಡು ಹೇಳಿದರು: “ಬೇಗ ಹೇಳೋರು ಒಂದು ಸಾಲು, ತಡವಾಗಿ ಹೇಳೋರು ಒಂದು ಸಾಲು ಅಂತ ನಮ್ಮ ಠಾಣೇಲಿ ಇಲ್ಲ. ನಾನು ಇರೋ ತನಕ ಯಾರನ್ನೂ ಬಿಡೋದಿಲ್ಲ. ಊರಿಗೇ ಬೆಂಕಿ ಬರದಿದ್ದರೂ ಸರಿ. ಅನ್ನ ನಾವು ತಂದು ಹಾಕ್ತೀವಿ. ಕೂತ್ಕೊಳ್ಳಿ.”

ನನಗೆ ಅಲ್ಲೇ ಚಪ್ಪಾಳೆ ತಟ್ಟಬೇಕೆನಿಸಿತು. ಎದೆಯ ಮೇಲಿಂದ ಒಂದು ಒರಳುಕಲ್ಲು ಇಳಿದ ಹಾಗಾಯಿತು. ಕೊಟ್ರೇಶಿಯ ತಾಯಿ ಕುರ್ಚಿಯಿಂದಲೇ “ಹಾಗೆ ಹೇಳವ್ವ!” ಅಂದರು. ರೇವಮ್ಮ ಕೂತರು, ಆದರೆ ಕೂರುವಾಗ ಇಂಚರನಿಗೆ ಜಾಗ ಬಿಟ್ಟು ಕೂತರು. ಅದನ್ನೂ ಹೇಳಬೇಕು.

ದೇವೀರಣ್ಣ ಕೇಳುತ್ತ ಬಂದ. ಒಬ್ಬೊಬ್ಬರ ಮುಂದೆಯೂ ನಿಂತು “ಇದ್ದೀರಾ?” ಎಂದ. ಒಳಗಿನಿಂದ ಕೂಗಿ ಅಭ್ಯಾಸವಾಗಿದ್ದ ಜನಕ್ಕೆ ಎದುರಿಗೆ ನಿಂತು ಹೇಳಲು ಸಂಕೋಚ. ಕೊಟ್ರೇಶಿ ತಲೆ ಕೆರೆದುಕೊಂಡು ಹೇಳಿದ. ಮೂಲೆಮನೆಯ ಸೊಸೆ ತನ್ನ ಹೆಸರನ್ನೂ ಸೇರಿಸಿ “ತುಂಗಭದ್ರೆ ಇದ್ದೀನಿ” ಅಂದಳು. ತಿಮ್ಮಜ್ಜ “ಇದ್ದೀನಪ್ಪ, ಬೀಡಿ ಒಂದು ಇಲ್ಲ” ಎಂದು ಕಡ್ಡಿ ಗೀರಿದ. ಮದ್ದು ಉದುರಿತು.

ಆತ ನಮ್ಮ ಮುಂದೆ ಬಂದ. ನಾನು ಹೇಳಿದೆ. ಆತ ಎಂದಿನ ಹಾಗೆ ಮಂಡಿ ಮಡಚಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಇಂಚರ ಅವನ ಮುಖ ನೋಡಿದಳು. ಅವಳ ಜೊತೆ ನಾನೂ ನೋಡಿದೆ. ನನ್ನ ಉತ್ತರ ಮುಗಿದ ಕೂಡಲೇ ನಾನು ಯಾವಾಗಲೂ ಒಳಗೆ ಹೋಗಿ, ಅಲ್ಲಿಂದಲೇ ಕಣ್ಣು ಹಾಯಿಸುತ್ತಿದ್ದೆ. ಒಲೆಯ ಮೇಲೆ ಏನಾದರೂ ಇರುತ್ತಿತ್ತು. ಇಷ್ಟು ದಿನ, ಒಂದೊಂದು ಅಕ್ಷರಕ್ಕೂ ಕಾದಷ್ಟು ಹೊತ್ತು, ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದವಳು ಇಡೀ ಊರಿನಲ್ಲಿ ಇವಳೊಬ್ಬಳೇ. ಆತನ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಸಿಕ್ಕಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣು ನಮ್ಮ ಮೇಲಿದ್ದರೂ ನೋಟ ಎಲ್ಲೋ ಇತ್ತು.

“ಇ... ಇದ್ದೀನಿ,” ಅಂದಳು ಇಂಚರ.

“ಸರಿ, ಬರ್ತೀನಿ,” ಎಂದು ಆತ ಏಳಲು ಹೋದ. ಇಂಚರ ನನ್ನ ಕೈ ಬಿಟ್ಟಳು. ಅವನ ತೊಡೆಯ ಮೇಲಿದ್ದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆತ ಅಲ್ಲೇ ನಿಂತ, ಅರ್ಧ ಎದ್ದು ಅರ್ಧ ಕೂತು.

“ನೀ...”

ನನಗೆ ಹೊಳೆಯಿತು. ಆ ಒಂದು ಅಕ್ಷರದಲ್ಲೇ ಹೊಳೆಯಿತು. ಗಿರಣಿಯ ಮೇಲಿನ ಆ ಕೋಣೆ, ಎಲ್ಲ ಬಾಗಿಲನ್ನೂ ಕೇಳಿ ಕೊನೆಗೆ ಆತ ತಾನೇ ಹೊಕ್ಕು ಮುಚ್ಚಿಕೊಳ್ಳುವ ಆ ಬಾಗಿಲು, ಅದೂ ನಮ್ಮ ಬೀದಿಯದೇ ಅಲ್ಲವೇ? ಅದನ್ನು ಯಾರು ಬಡಿದಿದ್ದರು? ನಾನೇ ಆ ಪ್ರಶ್ನೆಯನ್ನು ಕೂಗಿಬಿಡಬಹುದಿತ್ತು. ತುದಿನಾಲಿಗೆಗೆ ಬಂದಿತ್ತು. ಕಚ್ಚಿ ಹಿಡಿದೆ. ಅದು ಅವಳದು.

“ನೀ... ನೀ...”

“ನೀರು ಬೇಕೇನೋ...” ಎಂದು ಯಾರೋ ಶುರುಮಾಡಿದರು. ರೇವಮ್ಮ ಸರ್ರನೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಕೊಟ್ರೇಶಿ ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುಮ್ತಾಜ್ ಮೇಡಂ ಒಂದು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತರು. ಅವರಿಗೂ ಅರ್ಥವಾಗಿತ್ತೆಂದು ಅವರ ಕಣ್ಣು ಹೇಳಿತು. ಯಾರೂ ಕೆಮ್ಮಲಿಲ್ಲ. ಯಾರೂ ಎತ್ತಿ ಕೊಡಲಿಲ್ಲ. ಮಾತು ಮುಗಿಸಲು ಸದಾ ಅವಸರಪಡುವ ನಮ್ಮ ಬೀದಿ, ನನ್ನ ಮಗಳ ಬಾಯಿ ನೋಡುತ್ತ, ಉಸಿರು ಹಿಡಿದು ಕಾಯುತ್ತಿತ್ತು. ಅವಳು ಎಳೆದಾಡಲಿಲ್ಲ. ಹಿಂದಕ್ಕೆ ಬಂದಳು, ಉಸಿರು ತೆಗೆದುಕೊಂಡಳು, ಸಿಕ್ಕಿಕೊಂಡದ್ದನ್ನು ಮೆಲ್ಲಗೆ ಬಿಡಿಸಿಕೊಳ್ಳತೊಡಗಿದಳು.

ಕಟ್ಟೆಯ ಮೂಲೆಯಲ್ಲಿ ತಿಮ್ಮಜ್ಜ ಅಭ್ಯಾಸಬಲದಿಂದ ಕಡ್ಡಿ ಗೀರಿದ. ಚರ್ರೆಂದಿತು. ಹತ್ತಿತು. ಅಜ್ಜ ಬೀಡಿ ಹಚ್ಚಲಿಲ್ಲ. ಬಾಯಿ ತೆರೆದುಕೊಂಡು ಆ ಪುಟ್ಟ ಉರಿಯನ್ನು ಗಾಳಿಗೆ ಅಂಗೈ ಅಡ್ಡಹಿಡಿದು ಕಾಯುತ್ತ ಕೂತ. ನಮ್ಮ ಬೆನ್ನ ಹಿಂದೆ ಗಿರಣಿಯ ಇಂಜಿನ್ ಒಮ್ಮೆ ಕೆಮ್ಮಿ, ಮತ್ತೊಮ್ಮೆ ಕೆಮ್ಮಿ, ಟುಕುಟುಕು ಎಂದು ತಾನಾಗಿ ಹೊರಟಿತು. ರೇವಮ್ಮನ ಅಡುಗೆಮನೆಯ ಕಿಟಕಿ ಕೆಂಪಾಯಿತು, ಆಮೇಲೆ ನಮ್ಮದು, ಆಮೇಲೆ ಮೂಲೆಮನೆಯದು. ದೇವರ ದೀಪಗಳು, ಸೌದೆ ಒಲೆಗಳು, ಬಚ್ಚಲ ಹಂಡೆಗಳ ಉರಿ, ಒಂದರ ಹಿಂದೊಂದು ಬೀದಿಯ ಉದ್ದಕ್ಕೂ ಎದ್ದು ನಿಂತವು. ಯಾರೂ ಒಲೆ ನೋಡಲು ಓಡಲಿಲ್ಲ. ದೇವೀರಣ್ಣನ ಗಲ್ಲ ನಡುಗಲು ಶುರುವಾಗಿತ್ತು. ಆತ ಮತ್ತೆ ಮಂಡಿಯೂರಿ ಪೂರ್ತಿ ಕೂತ. ಇಂಚರ ಟೋಪಿಯನ್ನು ಇನ್ನೂ ಬಿಗಿಯಾಗಿ ಹಿಡಿದು, ಅವನ ಮುಖದಿಂದ ಕಣ್ಣು ತೆಗೆಯದೆ, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಕೇಳಿದಳು:

“ನೀವು ಇದ್ದೀರಾ, ದೇವೀರಣ್ಣ?”